ಸಹಾಯ ಬೇಕು: ‘ಎಂಬೆಲಿಶ್’ ಅಂದ್ರೆ ಬಣ್ಣ ಕಟ್ಟೋದಾ, ಸುಳ್ಳು ಹೇಳೋದಾ?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಚೆನ್ನಾಗಿ ಗೊತ್ತಿರುವವರು ಸ್ವಲ್ಪ ಹೇಳಿ. ಕಾಲೇಜು ಮಕ್ಕಳಿಗೆ ರೆಸ್ಯೂಮೆ ಬರೆಯುವುದರ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಮಾಡುತ್ತಿದ್ದೇನೆ. ‘ಡೋಂಟ್ ಎಂಬೆಲಿಶ್ ಯುವರ್ ರೆಸ್ಯೂಮೆ’ ಅನ್ನುವ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

‘ಎಕ್ಸಾಜರೇಟ್’ ಸುಲಭ. ಲ್ಯಾಟಿನ್ನಿನಲ್ಲಿ ಅದರ ಬೇರು ‘ರಾಶಿ ಹಾಕು’ ಅಂತ. ನಮ್ಮ ‘ಕಡ್ಡಿಯನ್ನು ಗುಡ್ಡ ಮಾಡು’ ಅಲ್ಲಿಗೆ ಸಾಕು. ‘ಎಂಬೆಲಿಶ್’ ಹಾಗಲ್ಲ. ಅದರ ಬೇರು ಹಳೆಯ ಫ್ರೆಂಚಿನ ‘ಚಂದ’. ರವಿಕೆ ತೋಳಿಗೆ ಮಣಿ, ಜರಿ ಹಚ್ಚಿದರೂ ಎಂಬೆಲಿಶ್, ನಡೆದ ಕಥೆಗೆ ಇಲ್ಲದ್ದನ್ನು ಸೇರಿಸಿದರೂ ಎಂಬೆಲಿಶ್. ರವಿಕೆ ವಿಷಯದಲ್ಲಿ ತಪ್ಪೇನೂ ಇಲ್ಲ, ಅಲ್ವಾ? ಆದರೆ ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ನೋಡಿ. ಸ್ವಲ್ಪ ತಾಗಿದ್ದಕ್ಕೇ ದೊಪ್ಪನೆ ಬಿದ್ದು ನಾಟಕ ಮಾಡಿದ ಆಟಗಾರನನ್ನು ‘ಎಂಬೆಲಿಶ್‌ಮೆಂಟ್’ ಅಂತಲೇ 2 ನಿಮಿಷ ಹೊರಗೆ ಕೂರಿಸುತ್ತಾರೆ. ಅಲ್ಲಿ ಅದು ಮೋಸ.

ಈಗ ನನ್ನ ಗೊಂದಲ. ಸುಮ್ನೆ ಇಂಟರ್ನ್ ಆಗಿದ್ದವಳು ‘ತಂಡ ನಡೆಸಿದೆ’ ಅಂತ ಬರೆದರೆ ಅದು ಎಂಬೆಲಿಶ್ ಆಗುತ್ತಾ, ಅಥವಾ ನೇರವಾಗಿ ‘ಲೈ’ ಅನ್ನಬೇಕಾ? ‘ಉಪ್ಪು ಖಾರ ಹಚ್ಚಬೇಡಿ’ ಅಂತ ಬರೆದು ನೋಡಿದೆ, ಚಾಡಿ ಹೇಳಿದ ಹಾಗಾಯಿತು. ‘ಉತ್ಪ್ರೇಕ್ಷೆ’ ಅಂದರೆ ಮಕ್ಕಳು ಪುಟ ತಿರುಗಿಸಿಬಿಡುತ್ತಾರೆ. ‘ಬಣ್ಣ ಕಟ್ಟಬೇಡಿ’ ಸರಿ ಹೋಗಬಹುದೇನೋ.

ಇನ್ನೊಂದು, ಏನನ್ನು ಅಂತ ಹೇಳದೆ ಬರೀ ‘ಹೀ ಎಂಬೆಲಿಶಸ್’ ಅನ್ನಬಹುದಾ? ಒಂದೆರಡು ವಾಕ್ಯ ಕೊಟ್ಟು ತಿಳಿಸಿದರೆ ತುಂಬಾ ಉಪಕಾರ.