ಬಣ್ಣದ ಎಲಿ ಗಿಡ ಬರೇ ಹಸರ ಆಗ್ಲಕತ್ತದ, ಇದು ಕೋಲಿಯಸ್ ಹೌದೇನ್ರಿ?

ಬ್ರಹ್ಮಪುರ ಬಾಲ್ಕನಿ, ಕಲಬುರಗಿ:
ನರ್ಸರಿಯವರು ಕ್ರೋಟನ್ ಅಂತ ಹೇಳಿ ಕೊಟ್ಟ ಗಿಡ. ಎಲಿ ನಡುವ ಕಡುಗೆಂಪು, ಅಂಚು ಹಸರು, ಗರಗಸದ ಹಲ್ಲಿನಂಗ ಅದ. ಹಾಲ್‌ನ್ಯಾಗ ಟಿವಿ ಬಾಜೂಕ ಇಟ್ಟೀವಿ. ಈಗ ಹೊಸ ಎಲಿ ಬರೇ ಹಸರ, ದಂಟು ಉದ್ದುದ್ದ, ಕೆಳಗಿನ ಎಲಿ ಉದುರ್ಲಕತ್ತಾವ. ಮಣ್ಣು ಹಸಿ ಇದ್ರೂ ಬಾಡ್ತದ. ಕುಂಡದಾಗ ಹೊಲದ ಕರಿ ಮಣ್ಣು ಅದ.

ಫರ್ಸಿ ಅಂಗಳ, ಶಹಾಬಾದ್:
ದಂಟು ಬೆರಳಿನ್ಯಾಗ ಹೊರಳಿಸಿ ನೋಡ್ರಿ. ನಾಕು ಮೂಲಿ ಹತ್ತಿದ್ರ, ಎಲಿ ಎದರಾಬದರಾ ಜೋಡಿಲೇ ಬಂದಿದ್ರ ಕೋಲಿಯಸ್ಸೇ. ತುಳಸಿ, ದೊಡ್ಡಪತ್ರಿ ಬಳಗದ್ದು. ಕ್ರೋಟನ್ ದಂಟು ಗುಂಡಗ, ಎಲಿ ದಪ್ಪ, ಬಿರುಸು. ಕ್ಯಾಲೇಡಿಯಂ ಎಲಿ ಸೀದಾ ಗಡ್ಡಿಯಿಂದ ಏಳ್ತದ. ಬಣ್ಣದ ಎಲಿ ಕಂಡ್ರ ಸಾಕು, ಎಲ್ಲಾನೂ ಕ್ರೋಟನ್ ಅನ್ನೋದು ನಮ್ಮ ಕಡಿ ರೂಢಿ ಆಗೇದ.

ಹಸರ ಆಗೋದು ಬೆಳಕು ಸಾಲದ್ದಕ್ಕ. ಪೂರ್ವದ ಕಿಟಕಿಗೆ ಇಡ್ರಿ, ಮುಂಜಾನಿ ಎರಡು-ಮೂರು ತಾಸು ಎಳಿ ಬಿಸಲು ಬೀಳಲಿ. ಹಳೇ ಎಲಿ ಮೊದಲಿನ ಬಣ್ಣಕ್ಕ ಬರೂದು ಕಷ್ಟ, ಹೊಸಾವು ನೋಡ್ರಿ.

ಕೆಮ್ಮಣ್ಣು, ಬೀದರ್:
ಹಸಿ ಮಣ್ಣಿನಲ್ಲೇ ಬಾಡುತ್ತಿದೆ ಎಂದರೆ ಬೇರು ಉಸಿರುಗಟ್ಟಿದೆ. ಕರಿ ಮಣ್ಣು ನೀರು ಹಿಡಿದು ಅಂಟಾಗುತ್ತದೆ, ಕುಂಡಕ್ಕೆ ಅದು ಬೇಡವೇ ಬೇಡ. ಬಾಡಿದೆ ಎಂದು ಮತ್ತೆ ನೀರು ಹಾಕಿದರೆ ಗಿಡ ಹೋದಂತೆಯೇ. ಕಿತ್ತು ನೋಡಿ: ಬೇರು ಬಿಳಿ ಇದ್ದರೆ ಸರಿ, ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದದ್ದನ್ನು ಕತ್ತರಿಸಿ. ಕೆಂಪು ಮಣ್ಣು ಎರಡು ಪಾಲು, ತೆಂಗಿನ ನಾರಿನ ಪುಡಿ ಒಂದು, ಎರೆಗೊಬ್ಬರ ಒಂದು. ಜೊತೆಗೆ ಒಂದು ಹಿಡಿ ದಪ್ಪ ಮರಳು. ಆರಿಂಚಿನ ಕುಂಡ ಸಾಕು, ತಳದಲ್ಲಿ ತೂತು ಇರಲೇಬೇಕು. ಮೇಲಿನ ಒಂದಿಂಚು ಒಣಗಿದ ಮೇಲಷ್ಟೇ ನೀರು.

ಗೊಬ್ಬರದಲ್ಲಿ ಕೈ ಬಿಗಿ ಇರಲಿ. ಸಾರಜನಕ ಹೆಚ್ಚಾದರೂ ಎಲೆ ಹಸಿರಿಗೆ ತಿರುಗುತ್ತದೆ.

ಬ್ರಹ್ಮಪುರ ಬಾಲ್ಕನಿ:
ನಾಕು ಮೂಲಿ ಹತ್ತಿದ್ವು. ಹಂಗಾದ್ರ ಮಾಳಿಗಿ ಮ್ಯಾಲ ಬಿಸಲಿಗೇ ಇಡ್ಲೇನ್ರಿ?

ಫರ್ಸಿ ಅಂಗಳ, ಶಹಾಬಾದ್:
ಬ್ಯಾಡ್ರಿ! ನಮ್ಮ ಬ್ಯಾಸಗಿ ಬಿಸಲಿಗೆ ಎಲಿ ಸುಟ್ಟು ಬಿಳಿ ಕಲಿ ಬೀಳ್ತಾವ. ಕಾದ ಫರ್ಸಿ ಮ್ಯಾಲ ಕುಂಡ ಇಟ್ರ ಬೇರೂ ಬೇಯ್ತಾವ. ಹೊರಗ ಇಡೂದಿದ್ರ ನೆರಳಿನ್ಯಾಗ, ಕೆಳಗ ಎರಡು ಇಟ್ಟಂಗಿ ಕೊಡ್ರಿ. ಕೂಲರ್ ಗಾಳಿ ನೇರ ಬಡಿಯೋ ಜಾಗಾನೂ ಬ್ಯಾಡ.

ಕೆಮ್ಮಣ್ಣು, ಬೀದರ್:
ಉದ್ದವಾದ ದಂಟನ್ನು ಬಿಸಾಡಬೇಡಿ. ಗೆಣ್ಣಿನ ಕೆಳಗೆ ಕತ್ತರಿಸಿ ನಾಲ್ಕಿಂಚಿನ ತುದಿ ತೆಗೆಯಿರಿ, ಕೆಳಗಿನ ಎಲೆ ಕಿತ್ತು ಗೆಣ್ಣು ನೀರಿನಲ್ಲಿ ಮುಳುಗುವಂತೆ ಗ್ಲಾಸಿನಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಒಂದು-ಎರಡು ವಾರದಲ್ಲಿ ಬೇರು ಬರುತ್ತದೆ. ಒಂದಿಂಚು ಆದ ಕೂಡಲೇ ಮಣ್ಣಿಗೆ ಹಚ್ಚಿ. ತಡ ಮಾಡಿದಷ್ಟೂ ನೀರಿನ ಬೇರು ಮಣ್ಣಿಗೆ ಒಗ್ಗುವುದು ಕಷ್ಟ. ಮೃಗಶಿರಾ ಮಳೆ ಹಿಡಿದ ಮೇಲಾದರೆ ಇನ್ನೂ ಸಲೀಸು. ತಾಯಿಗಿಡವೂ ಕತ್ತರಿಸಿದ ಕಡೆಯಿಂದ ಕವಲೊಡೆದು ಪೊದೆಯಾಗುತ್ತದೆ. ನೀಲಿ ಹೂವಿನ ತೆನೆ ಕಂಡರೆ ಚಿವುಟಿಬಿಡಿ, ಬೀಜಕ್ಕೆ ಬಿಟ್ಟ ಗಿಡ ಬಡಕಲಾಗುತ್ತದೆ.

ಗಿಡದ ಹುಚ್ಚು, ಯಾದಗಿರಿ:
ಎಲಿ ಸಂದಿನ್ಯಾಗ ಹತ್ತಿಯಂಥ ಬಿಳಿ ಚುಕ್ಕಿ ಕಂಡ್ರ ಹಿಟ್ಟು ತಿಗಣಿ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣಿ, ನಾಕು ಹನಿ ಸೋಪಿನ ದ್ರಾವಣ. ಸಂಜಿಗೆ ಎಲಿ ಕೆಳಗೂ ಹೊಡೀರಿ, ವಾರ ಬಿಟ್ಟು ಮತ್ತೊಮ್ಮಿ. ಬೋರಿನ ಗಡಸು ನೀರು ಹಾಕಿದ್ರ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ತದ, ಎಳಿ ಎಲಿ ಹಳದಿ ಆಗಿ ನರ ಅಷ್ಟೇ ಹಸರ ಉಳೀತದ. ಮಳಿ ನೀರು ಹಿಡಿದಿಟ್ಟು ಹಾಕ್ರಿ. ಮನ್ಯಾಗ ಬೆಕ್ಕು, ನಾಯಿ ಇದ್ರ ಎತ್ತರಕ್ಕ ಇಡ್ರಿ, ತಿಂದ್ರ ವಾಂತಿ ಮಾಡ್ಕೋತಾವ.