ಪದಚರ್ಚೆ: ಪಕ್ಷನಿಷ್ಠೆಯೋ, ಪಕ್ಷದ ನಂಟೋ? ಅಮೆರಿಕದ ಮತದಾರರ ಬಗ್ಗೆ ಬರೆಯುವಾಗ ಎದುರಾದ ತೊಡಕು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಜನ ಪಕ್ಷ, ಅಭ್ಯರ್ಥಿ, ನೀತಿ ಈ ಮೂರನ್ನೂ ಹೇಗೆ ಅಳೆದು ತೂಗುತ್ತಾರೆ ಎಂಬುದರ ಮೇಲೆ ಪದವಿ ವಿದ್ಯಾರ್ಥಿಗಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಕಡೆ ಸರಿಯಾದ ಪದ ಒದಗುತ್ತಿಲ್ಲ. ಬಲ್ಲವರ ಸಲಹೆ ಬೇಕು.

ಮೊದಲನೆಯದು ‘ಪಾರ್ಟಿ ಐಡೆಂಟಿಫಿಕೇಶನ್’, ಅಂದರೆ ತಾನು ಇಂಥ ಪಕ್ಷದವನು ಎಂದು ಮತದಾರ ತನ್ನನ್ನು ತಾನೇ ಭಾವಿಸಿಕೊಳ್ಳುವುದು. 1950ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆಯಲು ಒಂದು ಪ್ರಶ್ನೆ ರೂಪಿಸಿದರು. ಅದು ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಯಾರಿಗೆ ವೋಟು ಹಾಕಿದಿರಿ ಎಂದು ಅವರು ಕೇಳುವುದಿಲ್ಲ, ಯಾವ ಪಕ್ಷದ ಸದಸ್ಯರು ಎಂದೂ ಕೇಳುವುದಿಲ್ಲ. ‘ಸಾಮಾನ್ಯವಾಗಿ ನಿಮ್ಮನ್ನು ನೀವು ಏನೆಂದುಕೊಳ್ಳುತ್ತೀರಿ, ರಿಪಬ್ಲಿಕನ್ನೋ, ಡೆಮಾಕ್ರಾಟೋ, ಇಂಡಿಪೆಂಡೆಂಟೋ?’ ಎನ್ನುತ್ತಾರೆ. ಪಕ್ಷದ ಹೆಸರು ಹೇಳಿದವರಿಗೆ, ಗಟ್ಟಿಯಾಗಿಯೋ ಅಷ್ಟಕ್ಕಷ್ಟೆಯೋ ಎಂಬ ಮರುಪ್ರಶ್ನೆ. ಯಾವುದೂ ಇಲ್ಲ ಎಂದವರಿಗೆ, ಹಾಗಾದರೆ ಯಾವುದು ಹತ್ತಿರ ಎಂಬ ಪ್ರಶ್ನೆ. ಈ ಭಾವ ಬಹುಮಟ್ಟಿಗೆ ಅಪ್ಪ ಅಮ್ಮನಿಂದ ಬರುತ್ತದೆ, ಸುಲಭಕ್ಕೆ ಬದಲಾಗುವುದಿಲ್ಲ. ಅಭ್ಯರ್ಥಿಯನ್ನೂ ನೀತಿಯನ್ನೂ ಜನ ನೋಡುವ ಕಣ್ಣನ್ನೇ ಅದು ತಿದ್ದುತ್ತದೆ. ತಮ್ಮವರು ಅಧ್ಯಕ್ಷರಾಗಿದ್ದರೆ ದೇಶದ ಆರ್ಥಿಕ ಸ್ಥಿತಿ ಚೆನ್ನಾಗಿದೆ ಎನ್ನುವವರು, ಅಧಿಕಾರ ಎದುರು ಪಕ್ಷಕ್ಕೆ ಹೋದ ಕೆಲವೇ ವಾರಗಳಲ್ಲಿ ಮಾತು ಬದಲಿಸುವುದು ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ನಮ್ಮ ಪತ್ರಿಕೆಗಳ ರೂಢಿಯಲ್ಲಿ ಇದಕ್ಕೆ ಹತ್ತಿರವಾಗಿ ಸಿಗುವುದು ‘ಪಕ್ಷನಿಷ್ಠೆ’. ನನಗೆ ಇದು ಒಪ್ಪಿಗೆಯಿಲ್ಲ. ನಿಷ್ಠೆ ಎಂದರೆ ನಡತೆ. ನಿಷ್ಠ ಮತದಾರ ಬೇರೆ ಪಕ್ಷಕ್ಕೆ ವೋಟು ಹಾಕಿದ ದಿನ ನಿಷ್ಠೆ ಮುರಿಯಿತು. ಅಮೆರಿಕದಲ್ಲಿ ಹಾಗಾಗುವುದಿಲ್ಲ. ವೆಸ್ಟ್ ವರ್ಜೀನಿಯಾವನ್ನೇ ನೋಡಿ. 2000ದಿಂದ ಈಚೆಗೆ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಆ ರಾಜ್ಯ ರಿಪಬ್ಲಿಕನ್ನರ ಪಾಲಾಗಿದೆ. ಆದರೂ 2020ರವರೆಗೆ ಅಲ್ಲಿನ ಮತದಾರರ ಪಟ್ಟಿಯಲ್ಲಿ ಡೆಮಾಕ್ರಾಟ್ ಎಂದು ಬರೆಸಿಕೊಂಡವರೇ ರಿಪಬ್ಲಿಕನ್ನರಿಗಿಂತ ಹೆಚ್ಚಿದ್ದರು. ಕಲ್ಲಿದ್ದಲ ಗಣಿಯ ಸಂಘ, ಡೆಮಾಕ್ರಾಟ್ ಅಧ್ಯಕ್ಷ ರೂಸ್‌ವೆಲ್ಟ್ ಕಾಲದ ನೆನಪು, ಅಜ್ಜನ ಕಾಲದಿಂದ ಬಂದ ರೂಢಿ, ಜೊತೆಗೆ ಕೌಂಟಿ (ನಮ್ಮ ಜಿಲ್ಲೆಯಂಥ ಘಟಕ) ಮಟ್ಟದ ಹುದ್ದೆಗಳ ತೀರ್ಮಾನ ಡೆಮಾಕ್ರಾಟ್ ಪ್ರೈಮರಿಯಲ್ಲೇ (ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಮೊದಲ ಹಂತದ ಚುನಾವಣೆ) ಆಗಿಬಿಡುತ್ತಿದ್ದುದು, ಎಲ್ಲವೂ ಸೇರಿ ಆ ಹೆಸರನ್ನು ಉಳಿಸಿದ್ದವು. ವೋಟು ಹೋಯಿತು, ಹೆಸರು ಉಳಿಯಿತು. ಅದನ್ನು ನಿಷ್ಠೆ ಎನ್ನಲು ಬರುವುದಿಲ್ಲ, ನಿಷ್ಠೆಯಿಲ್ಲ ಎನ್ನಲೂ ಬರುವುದಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಎಡವಟ್ಟಿದೆ. ‘ರಿಜಿಸ್ಟರ್ಡ್ ಡೆಮಾಕ್ರಾಟ್’ ಎಂಬುದು ‘ಡೆಮಾಕ್ರಟಿಕ್ ಪಕ್ಷದ ನೋಂದಾಯಿತ ಸದಸ್ಯ’ ಆಗಿಬಿಡುತ್ತದೆ. ಅಲ್ಲಿ ಶುಲ್ಕ ಕಟ್ಟಿ ಪಡೆಯುವ ಸದಸ್ಯತ್ವವಾಗಲಿ, ನಮ್ಮಲ್ಲಿರುವಂಥ ಸದಸ್ಯತ್ವ ಅಭಿಯಾನವಾಗಲಿ ಇಲ್ಲ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲಾರಿಡಾದಂಥ ರಾಜ್ಯಗಳಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗ ಸರ್ಕಾರಿ ಅರ್ಜಿಯಲ್ಲೇ ಪಕ್ಷದ ಹೆಸರನ್ನೂ ಗುರುತು ಹಾಕುತ್ತಾರೆ, ಆ ಪಕ್ಷದ ಪ್ರೈಮರಿಯಲ್ಲಿ ವೋಟು ಹಾಕುವ ಹಕ್ಕಿಗಾಗಿ. ಟೆಕ್ಸಾಸ್, ವಿಸ್ಕಾನ್ಸಿನ್‌ಗಳ ಅರ್ಜಿಯಲ್ಲಿ ಆ ಕಾಲಮ್ಮೇ ಇಲ್ಲ. ಹಾಗಾಗಿ ‘ಡೆಮಾಕ್ರಾಟ್ ಎಂದು ಬರೆಸಿಕೊಂಡವರು’ ಎಂದು ಬಿಡಿಸಿ ಬರೆಯುವುದೇ ಮೇಲು ಎಂದುಕೊಂಡಿದ್ದೇನೆ.

ಮತ್ತೆ ಮೊದಲ ಪದಕ್ಕೆ ಬಂದರೆ, ‘ಒಲವು’ ಚೆಂದದ ಮಾತು. ಆದರೆ ‘ಮತದಾರರ ಒಲವು ಯಾರತ್ತ?’ ಎಂದು ಪ್ರತಿ ಚುನಾವಣೆಗೂ ಬರೆದು ಬರೆದು ಅದು ಈ ಸಲದ ಮಟ್ಟಿನ ವಾಲಿಕೆಗೆ ಅಂಟಿಕೊಂಡಿದೆ. ‘ಅಭಿಮಾನ’ದಲ್ಲಿ ಹೆಮ್ಮೆ ಜಾಸ್ತಿ, ತನ್ನ ಪಕ್ಷದ ಮೇಲೆ ಬೇಸತ್ತೂ ಅದರವನೇ ಆಗಿ ಉಳಿದಿರುವವನಿಗೆ ಹೊಂದುವುದಿಲ್ಲ. ‘ಪಕ್ಷ ಗುರುತಿಸುವಿಕೆ’ ಎಂದು ಪಠ್ಯಗಳ ಜಾಡಿನಲ್ಲಿ ಬರೆದರೆ ಚುನಾವಣಾ ಚಿಹ್ನೆಯ ಮಾತೆಂದು ಓದುಗರು ತಿಳಿಯುವ ಸಂಭವವಿದೆ. ನಮ್ಮ ಹಳ್ಳಿಗಳಲ್ಲಿ ‘ನಮ್ಮದು ಮೊದಲಿಂದ್ಲೂ ಕಾಂಗ್ರೆಸ್ ಮನೆ’, ‘ನಾವು ದಳದವರು’ ಎನ್ನುತ್ತಾರಲ್ಲ, ಆ ‘ಮನೆ’ಯೂ ಆ ‘ದವರು’ ಎಂಬುದೂ ಅರ್ಥಕ್ಕೆ ತೀರಾ ಹತ್ತಿರ. ಅದನ್ನು ಶಾಸ್ತ್ರದ ಪದವಾಗಿ ಬಳಸುವುದು ಕಷ್ಟ. ಸದ್ಯಕ್ಕೆ ನನ್ನ ಮನಸ್ಸು ‘ಪಕ್ಷದ ನಂಟು’ ಎಂಬುದರ ಕಡೆಗಿದೆ. ನಂಟು ಹುಟ್ಟಿನಿಂದ ಬರಬಹುದು, ಮುನಿಸಿನಲ್ಲೂ ಉಳಿಯಬಹುದು, ಗಟ್ಟಿಯೂ ಆಗಬಹುದು, ಸಡಿಲವೂ ಆಗಬಹುದು. ‘ಪಕ್ಷನಂಟು’ ಎಂದು ಸಮಾಸ ಮಾಡಿದರೆ ಅರಿಸಮಾಸದ ಆಕ್ಷೇಪ ಬರುತ್ತದೆ. ಷಷ್ಠಿಯಲ್ಲೇ ಬಿಟ್ಟರೆ ಆ ತಕರಾರಿಲ್ಲ.

‘ಇಂಡಿಪೆಂಡೆಂಟ್’ಗೆ ‘ಪಕ್ಷೇತರ’ ಬಳಸಬಹುದೇ? ನಮ್ಮಲ್ಲಿ ಅದು ಅಭ್ಯರ್ಥಿಗೆ ಮೀಸಲಾದ ಪದ. ‘ತಟಸ್ಥ’ವಂತೂ ಖಂಡಿತ ಬೇಡ. ಗ್ಯಾಲಪ್ ಸಮೀಕ್ಷೆಗಳಲ್ಲಿ ಈಚಿನ ವರ್ಷಗಳಲ್ಲಿ ಶೇ 40ಕ್ಕೂ ಹೆಚ್ಚು ಜನ ತಮ್ಮನ್ನು ಇಂಡಿಪೆಂಡೆಂಟ್ ಎಂದುಕೊಂಡರೂ, ಅವರಲ್ಲಿ ಬಹುಪಾಲು ಮಂದಿ ಒಂದು ಪಕ್ಷದ ಕಡೆ ವಾಲಿ, ಅದಕ್ಕೇ ವೋಟು ಹಾಕುವವರು. ‘ಪಕ್ಷ ಹೇಳಿಕೊಳ್ಳದವರು’ ಎಂದು ಬರೆದುಕೊಂಡಿದ್ದೇನೆ.

ಎರಡನೆಯ ತೊಡಕು ‘ಸ್ಪ್ಲಿಟ್ ಟಿಕೆಟ್’. ಅಧ್ಯಕ್ಷ ಸ್ಥಾನಕ್ಕೆ ಒಂದು ಪಕ್ಷ, ಅದೇ ಮತಪತ್ರದಲ್ಲಿ ಸೆನೆಟ್‌ಗೋ ಗವರ್ನರ್ ಹುದ್ದೆಗೋ ಇನ್ನೊಂದು ಪಕ್ಷ. ‘ಟಿಕೆಟ್ ಹಂಚಿಕೆ’ ಎಂದರೆ ನಮ್ಮ ಓದುಗರಿಗೆ ಹೈಕಮಾಂಡ್, ಬಿ ಫಾರಂ, ಟಿಕೆಟ್ ವಂಚಿತರ ಬಂಡಾಯ ನೆನಪಾಗುತ್ತದೆ. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಟಿಕೆಟ್ ಎಂದರೆ ಪಕ್ಷವೇ ಅಚ್ಚು ಹಾಕಿಸಿ ಜನರ ಕೈಗೆ ಕೊಡುತ್ತಿದ್ದ ಚೀಟಿ. ತನ್ನ ಅಭ್ಯರ್ಥಿಗಳ ಹೆಸರಷ್ಟೇ ಅದರಲ್ಲಿರುತ್ತಿತ್ತು. ಹಾಗೇ ತಂದು ಪೆಟ್ಟಿಗೆಗೆ ಹಾಕಬೇಕು. ಒಬ್ಬ ಅಭ್ಯರ್ಥಿ ಬೇಡವೆಂದರೆ ಆ ಹೆಸರನ್ನು ಗೀಚಿ ಹಾಕಬೇಕು, ಇಲ್ಲವೇ ಇನ್ನೊಬ್ಬರ ಹೆಸರಿನ ಸಣ್ಣ ಅಂಟುಚೀಟಿಯನ್ನು ಅದರ ಮೇಲೆ ಮೆತ್ತಬೇಕು. ಎಲ್ಲ ಪಕ್ಷಗಳ ಹೆಸರೂ ಇರುವ ಸರ್ಕಾರಿ ಮತಪತ್ರ ರಾಜ್ಯ ರಾಜ್ಯಗಳಲ್ಲಿ ಬಂದದ್ದು 1888ರಿಂದ ಈಚೆಗೆ. ಅಭ್ಯರ್ಥಿಯನ್ನು ಪಕ್ಷದಿಂದ ಬೇರೆಯಾಗಿ ತೂಗಿ ನೋಡುವುದು ಸಾಮಾನ್ಯ ಮತದಾರರಿಗೆ ಸಲೀಸಾದದ್ದು ಆಮೇಲೆಯೇ.

ಇದನ್ನು ‘ಮತ ವಿಭಜನೆ’ ಎನ್ನುವಂತಿಲ್ಲ, ಅದು ಒಂದೇ ಕಡೆಯ ಮತ ಇಬ್ಬರು ಅಭ್ಯರ್ಥಿಗಳಿಗೆ ಒಡೆದುಹೋಗುವುದು. ‘ಅಡ್ಡ ಮತದಾನ’ವನ್ನು ರಾಜ್ಯಸಭೆ ಚುನಾವಣೆಯ ಶಾಸಕರು ಆಕ್ರಮಿಸಿದ್ದಾರೆ, ಅದರಲ್ಲಿ ದ್ರೋಹದ ವಾಸನೆಯಿದೆ. ಅಮೆರಿಕದಲ್ಲಿ ಇದು ದ್ರೋಹವಲ್ಲ, ವಿವೇಚನೆ. 1956ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್ 41 ರಾಜ್ಯಗಳನ್ನು ಗೆದ್ದರು, ಕಾಂಗ್ರೆಸ್ಸಿನ (ಅಮೆರಿಕದ ಸಂಸತ್ತು) ಎರಡೂ ಸದನಗಳು ಎದುರು ಪಕ್ಷದ ಕೈಯಲ್ಲೇ ಉಳಿದವು. ಹೀಗೆ ಬೇರೆ ಬೇರೆ ಪಕ್ಷಕ್ಕೆ ವೋಟು ಹಾಕುವವರ ಸಂಖ್ಯೆ ಈಗ ಬಹಳ ಇಳಿದಿದೆ. ಆದರೂ 2024ರಲ್ಲಿ ನಾರ್ತ್ ಕೆರೊಲಿನಾ ಟ್ರಂಪ್ ಅವರನ್ನೂ, ಗವರ್ನರ್ ಹುದ್ದೆಗೆ ಡೆಮಾಕ್ರಾಟ್ ಜೋಶ್ ಸ್ಟೈನ್ ಅವರನ್ನೂ ಒಟ್ಟಿಗೇ ಗೆಲ್ಲಿಸಿತು. ಮಿಸೌರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಟ್ರಂಪ್‌ಗೆ ಶೇ 58ಕ್ಕೂ ಹೆಚ್ಚು ಮತ, ಅದೇ ಮತಪತ್ರದಲ್ಲಿ ಗರ್ಭಪಾತದ ಹಕ್ಕಿನ ತಿದ್ದುಪಡಿಗೂ ಕನಿಷ್ಠ ಕೂಲಿ ಏರಿಕೆಗೂ ಬಹುಮತ. ಅಭ್ಯರ್ಥಿಯನ್ನೂ ನೀತಿಯನ್ನೂ ಜನ ಬೇರೆ ಬೇರೆ ತಕ್ಕಡಿಯಲ್ಲಿ ತೂಗುವುದು ಇಷ್ಟು ಕಣ್ಣಿಗೆ ಕಾಣುವಂತೆ ಸಿಗುವುದು ಅಪರೂಪ.

ಕರ್ನಾಟಕದ ಮತದಾರರೂ 1984ರ ಡಿಸೆಂಬರಿನಲ್ಲಿ ಲೋಕಸಭೆಯ 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟು, 1985ರ ಮಾರ್ಚಿನಲ್ಲಿ ವಿಧಾನಸಭೆಗೆ ಹೆಗಡೆಯವರ ಜನತಾ ಪಕ್ಷದ 139 ಮಂದಿಯನ್ನು ಆರಿಸಿದರು. ಅಲ್ಲಿ ನಡುವೆ ತಿಂಗಳುಗಳ ಅಂತರವಿತ್ತು, ನಿಜ. ಆದರೂ ಆ ನಡೆಗೆ ಆಗ ಜನರ ಬಾಯಲ್ಲೋ ಪತ್ರಿಕೆಗಳಲ್ಲೋ ಒಂದು ಹೆಸರು ಹುಟ್ಟಿತ್ತೇ? ಆ ಕಾಲದ ವರದಿಗಾರಿಕೆ ಬಲ್ಲವರು ತಿಳಿಸಬೇಕು. ನನ್ನ ಕೈಲಿರುವುದು ‘ಬೆರಕೆ ಮತ’ ಒಂದೇ, ಅದರ ಎದುರಿಗೆ ಎಲ್ಲ ಹುದ್ದೆಗೂ ಒಂದೇ ಪಕ್ಷಕ್ಕೆ ಹಾಕುವ ‘ಸಾಲು ಮತ’. ‘ಬೆರಕೆ’ ಎಂದರೆ ಕಲಬೆರಕೆ ನೆನಪಾಗಿ ಹೀಗಳೆದಂತೆ ಕೇಳುತ್ತದೆಯೇ? ಉತ್ತರ ಕರ್ನಾಟಕದವರ, ಕರಾವಳಿಯವರ ಕಿವಿಗೆ ಅದು ಹೇಗೆ ಬೀಳುತ್ತದೆಂದು ಮುಖ್ಯವಾಗಿ ತಿಳಿಯಬೇಕಾಗಿದೆ.