ಅಟ್ಟಕ್ಕೆ ಮರದ ಮೆಟ್ಟಿಲು: ಮಾಡಿ ನೋಡಿದವರು ಹೇಳ್ತೀರಾ?

ತೀರ್ಥಹಳ್ಳಿ ಕಡೆಯಿಂದ:
ನಮ್ಮ ಹಳೇ ಮನೆಯ ಅಟ್ಟಕ್ಕೆ ಈಗಲೂ ಏಣಿಯೇ ಗತಿ. ಅಮ್ಮನಿಗೆ 66 ವರ್ಷ. ಅಡಿಕೆ ಮೂಟೆ, ಹಪ್ಪಳದ ಡಬ್ಬಿ ಎಲ್ಲ ಮೇಲೆಯೇ ಇರುವುದರಿಂದ ದಿನಾ ಹತ್ತಿ ಇಳಿಯುತ್ತಾರೆ. ನೋಡಿದರೆ ಎದೆ ಝಲ್ ಅನ್ನುತ್ತದೆ. ಎತ್ತರ 9 ಅಡಿ, ಗೋಡೆ ಪಕ್ಕ 11 ಅಡಿ ಜಾಗ ಇದೆ. ಊರಿನ ಬಡಗಿ ಆಚಾರ್ರ ಜೊತೆ ನಾನೂ ನಿಂತು ಮಾಡಬೇಕು ಅಂತಿದ್ದೇನೆ. ಅಳತೆ ಹೇಗೆ, ಯಾವ ಮರ?

ಶಿರಸಿಯಿಂದ:
ಮರಕ್ಕಿಂತ ಮೊದಲು ಲೆಕ್ಕ. 9 ಅಡಿ ಅಂದರೆ 108 ಇಂಚು. 15 ಸಮಪಾಲು ಮಾಡಿದರೆ ಒಂದೊಂದು ಮೆಟ್ಟಿಲ ಎತ್ತರ 7 ಇಂಚಿಗೆ ಸ್ವಲ್ಪ ಜಾಸ್ತಿ ಬರುತ್ತದೆ. ವಯಸ್ಸಾದವರಿಗೆ ಅದಕ್ಕಿಂತ ಏರಿಸಬೇಡಿ. ಕೊನೆಯ ಹೆಜ್ಜೆ ಅಟ್ಟದ ಮೇಲೇ ಬೀಳುವುದರಿಂದ ಹಲಗೆ ಬೇಕಾಗುವುದು 14. ಒಂದೊಂದಕ್ಕೆ 10 ಇಂಚು ಅಗಲ ಹಿಡಿದರೆ 11 ಅಡಿ 8 ಇಂಚು ಜಾಗ ಬೇಕು, ನಿಮ್ಮಲ್ಲಿ ಅಷ್ಟಿಲ್ಲ. 9¼ ಇಂಚಿಗೆ ಇಳಿಸಿ, ಹಲಗೆಯ ಮುಂದಿನ ಅಂಚು ಮಾತ್ರ 1 ಇಂಚು ಮುಂದೆ ಚಾಚಲಿ. ಕಾಲಿಡಲು 10 ಇಂಚು ಸಿಕ್ಕೇ ಸಿಗುತ್ತದೆ.

ನಾನು ಎಡವಿದ್ದು ಎಲ್ಲಿ ಅಂತ ಹೇಳಿಬಿಡುತ್ತೇನೆ. ಮೆಟ್ಟಿಲು ಕೂರಿಸಿದ ಮೇಲೆ ಕೆಳಗೆ ಟೈಲ್ಸ್ ಹಾಕಿಸಿದೆ. ನೆಲ 2 ಇಂಚು ಮೇಲೆ ಬಂತು. ಮೊದಲ ಮೆಟ್ಟಿಲು 5 ಇಂಚು, ಉಳಿದವೆಲ್ಲ 7. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಆದರೆ ಕಾಲು ಲೆಕ್ಕ ಇಟ್ಟಿರುತ್ತದೆ ಅಲ್ವಾ? ಇಳಿಯುವಾಗ ಅಪ್ಪನ ಕಾಲು ಅಲ್ಲೇ ತಪ್ಪಿತು. ಮಣಿಕಟ್ಟು ಮುರಿದು ಒಂದೂವರೆ ತಿಂಗಳು ಪಟ್ಟಿ ಕಟ್ಟಿಕೊಂಡಿದ್ದರು. ಅದಕ್ಕೇ ಹೇಳುವುದು: ನೆಲದ ಕೆಲಸ ಏನಾದರೂ ಇದ್ದರೆ ಅದನ್ನು ಮುಗಿಸಿ, ಆಮೇಲೆ ಟೇಪು ಹಿಡಿಯಿರಿ.

ಇನ್ನೊಂದು, ಏಣಿಗೆ ಬಿಟ್ಟ ಕಿಂಡಿ ಮೆಟ್ಟಿಲಿಗೆ ಸಾಲುವುದಿಲ್ಲ. ತಲೆ ತಾಗಬಾರದು ಅಂದರೆ ಅಟ್ಟದ ಬಾಯಿ ಎಂಟು-ಒಂಬತ್ತು ಅಡಿ ಉದ್ದ ಬೇಕು. ಜಂತಿ ಕಡಿಯಬೇಕಾದರೆ ಕಡಿದ ತುದಿಗಳಿಗೆ ಅಡ್ಡ ತೊಲೆ ಕೊಡದೆ ಬಿಡಬೇಡಿ. ಈ ಕೆಲಸವನ್ನು ಆಚಾರ್ರೇ ಮಾಡಲಿ.

ಪಕ್ಕದ ಎರಡು ಉದ್ದ ಹಲಗೆ 2 ಇಂಚು ದಪ್ಪ, 10 ಇಂಚು ಅಗಲ ಇರಲಿ. ಓರೆಯಾಗಿ ನಿಲ್ಲುವುದರಿಂದ ಉದ್ದ 14 ಅಡಿ ದಾಟುತ್ತದೆ, 15 ಅಡಿಯದ್ದನ್ನೇ ತನ್ನಿ. ಒಳಮೈಗೆ ಅರ್ಧ ಇಂಚು ಆಳ ಕಚ್ಚು ಕೊರೆದು ಮೆಟ್ಟಿಲ ಹಲಗೆ ತೂರಿಸಿ, ಆಮೇಲೆ ಸ್ಕ್ರೂ. ಬರೀ ಮೊಳೆ ಹೊಡೆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿರ್ ಕಿರ್ ಶುರು.

ಉಡುಪಿಯಿಂದ:
ಮರದ ವಿಷಯ ನಾನು ಹೇಳುತ್ತೇನೆ. ಸಾಗುವಾನಿ ಒಳ್ಳೆಯದೇ, ಆದರೆ ದುಡ್ಡು ಜಾಸ್ತಿ. ನಮ್ಮದು ಬಲಿತ ಹಲಸು, 20 ವರ್ಷ ಆಯ್ತು, ಗಟ್ಟಿಯಾಗಿದೆ. ಮಾವು ಅಗ್ಗ ಅಂತ ಹೋಗಬೇಡಿ, ಕುಟ್ಟೆ (ಮರ ಕೊರೆಯುವ ಹುಳ) ಬೇಗ ಹಿಡಿಯುತ್ತದೆ. ಯಾವ ಮರವಾದರೂ ಕೊಯ್ಸಿದ ತಕ್ಷಣ ಬಳಸಬೇಡಿ. ನೆರಳಿನಲ್ಲಿ, ಹಲಗೆಗಳ ನಡುವೆ ಪಟ್ಟಿ ಇಟ್ಟು ಅಟ್ಟಿ ಹಾಕಿ ಒಣಗಿಸಿ. 1 ಇಂಚು ದಪ್ಪಕ್ಕೆ ಹೆಚ್ಚುಕಡಿಮೆ ಒಂದು ವರ್ಷ. ಅಷ್ಟು ಕಾಯಲು ಆಗದಿದ್ದರೆ ಹಳೇ ಮನೆ ಬಿಚ್ಚಿದ ಮರ ಹುಡುಕಿ.

ಮೊದಲ ಮೆಟ್ಟಿಲು ಕಲ್ಲಿನದ್ದಾಗಲಿ. ಮರ ನೆಲಕ್ಕೆ ತಾಗದಿದ್ದರೆ ತೇವ ಏರುವುದಿಲ್ಲ, ಗೆದ್ದಲು ಬಂದರೂ ಕಣ್ಣಿಗೆ ಬೀಳುತ್ತದೆ. ಅಡಿಭಾಗಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ. ಗ್ಲೌಸ್ ಮರೆಯಬೇಡಿ, ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ.

ಮಡಿಕೇರಿಯಿಂದ:
ಮೆಟ್ಟಿಲ ಮೇಲೆ ಹೊಳೆಯುವ ವಾರ್ನಿಷ್ ಬೇಡ. ಮಳೆಗಾಲದಲ್ಲಿ ಒದ್ದೆ ಕಾಲಿಟ್ಟರೆ ಜಾರುತ್ತದೆ. ಹಿಡಿದುಕೊಳ್ಳಲು ಗಟ್ಟಿ ಕಂಬಿ 3 ಅಡಿ ಎತ್ತರಕ್ಕೆ ಇರಲಿ. ಮೊಮ್ಮಕ್ಕಳು ಬರುವ ಮನೆಯಾದರೆ ಅದರಡಿ ನಿಲ್ಲಿಸುವ ಕಂಬಿಗಳ ನಡುವೆ 4 ಇಂಚಿಗಿಂತ ಜಾಸ್ತಿ ಸಂದು ಬಿಡಬೇಡಿ.

ತೀರ್ಥಹಳ್ಳಿ ಕಡೆಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೆಲ ಬದಲಿಸುವ ಯೋಚನೆ ಇಲ್ಲ. ಆದರೂ ಇವತ್ತು ಬೆಳಿಗ್ಗೆ ರಸಮಟ್ಟ ಇಟ್ಟು ನೋಡಿದೆ. ಮೊದಲ ಮೆಟ್ಟಿಲು ಬರುವ ಕಡೆ ನೆಲ ಮುಕ್ಕಾಲು ಇಂಚು ತಗ್ಗಿದೆ! ಅಟ್ಟದ ಕೆಳಗೆ ನಿಂತು, ಅಟ್ಟದ ನೆಲದ ಮೇಲ್ಮೈವರೆಗೆ ಅಳೆದದ್ದು 9 ಅಡಿ. ಮೆಟ್ಟಿಲಿಗೆ ನಿಜವಾಗಿ ಬೇಕಾದದ್ದು 9 ಅಡಿ ಮುಕ್ಕಾಲು ಇಂಚು. 15ಕ್ಕೆ ಹಂಚಿದರೆ ಸರಿಯಾಗಿ ಏಳೂಕಾಲು ಇಂಚು. ಆಚಾರ್ರಿಗೆ ಅದನ್ನೇ ಬರೆದುಕೊಟ್ಟಿದ್ದೇನೆ.